ಹಾಕು, ತೆಗಿ

ಕಳೆದ ವಾರ ಮುಂಬಯಿ ಹತ್ತಿರದ ತುರ್ಭೆಯ ಕಾರ್ಖಾನೆಯೊಂದರಲ್ಲಿ ಹೊಸ ವಿದ್ಯುತ್ ಪ್ಯಾನೆಲ್ ಕೂರಿಸಿ ಮುಗಿಸಿದ್ದೆವು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಬ್ರೇಕರಿನ ಹಿಡಿಕೆಯ ಎರಡೂ ಬದಿಗೆ ಯಾರೋ ದೇವನಾಗರಿ ಅಕ್ಷರದಲ್ಲಿ ಏನೋ ಬರೆದಿದ್ದರು. ಕೆಂಪು ಬಣ್ಣದಲ್ಲಿ ‘ಹಾಕು’, ಹಸಿರು ಬಣ್ಣದಲ್ಲಿ ‘ತೆಗಿ’. ಡ್ರಾಯಿಂಗ್ ನನ್ನದೇ, ಅದರಲ್ಲಿ ಈ ಶಬ್ದಗಳಿರಲಿಲ್ಲ. ಬಣ್ಣ ಇನ್ನೂ ಒಣಗಿರಲಿಲ್ಲ, ಟರ್ಪೆಂಟೈನ್ ವಾಸನೆ ಕೋಣೆಯ ತುಂಬ ಹರಡಿತ್ತು. ಆ ವಾಸನೆಗೆ ನಮ್ಮ ಸರ್ ನೆನಪಾದರು...

ಡೊಂಬಿವ್ಲಿಯಲ್ಲಿ ಅವರದೊಂದು ಸಣ್ಣ ಕಂಪನಿ. ಇಪ್ಪತ್ತೆರಡು ಸಾವಿರ ವೋಲ್ಟಿನ ಲೈನನ್ನು ಕಾರ್ಖಾನೆಯೊಳಗೆ ತಂದು, ವೋಲ್ಟೇಜ್ ಇಳಿಸಿ, ಹಂಚಿಕೊಡುವ ಕೆಲಸ. ನಾನು ಅಲ್ಲಿ ಡಿಸೈನ್ ಎಂಜಿನಿಯರ್ ಆಗಿ ಸೇರಿದೆ. ನಾನು ಉಡುಪಿ ಕಡೆಯವನು, ಹೋಟೆಲಿನ ಮನೆತನ. ಸರ್ ಧಾರವಾಡ ಕಡೆಯವರು, ಕೋಪ ಸದಾ ಮೂಗಿನ ತುದಿಯಲ್ಲಿ. ನನ್ನ ಮೊದಲ ಡ್ರಾಯಿಂಗ್ ನೋಡಿ, “ಸಾಂಬಾರ ತೆಳ್ಳಗ ಮಾಡಿದಂಗ ಕೇಬಲ್ಲೂ ತೆಳ್ಳಗ ಮಾಡೀಯಲ್ಲೋ ತಮ್ಮಾ” ಅಂದಿದ್ದರು. ಬೇಜಾರಾಗಿತ್ತು. ಆದರೆ ಲೆಕ್ಕ ತಪ್ಪಿದ್ದು ನಿಜ.

ಅವರ ಸೈಟಿನಲ್ಲಿ ‘ಬಂದ್’ ಅನ್ನುವ ಶಬ್ದಕ್ಕೆ ಪ್ರವೇಶವಿರಲಿಲ್ಲ. ಮುಂಬಯಿಯ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಶಬ್ದವದು. ಅಂಗಡಿ ಬಂದ್, ಲೋಕಲ್ ಬಂದ್, ಪಂಖಾ ಬಂದ್. ಬ್ರೇಕರಿನ ವಿಷಯದಲ್ಲಿ ಮಾತ್ರ ಅದು ಎಡವಟ್ಟು. ಬ್ರೇಕರಿನ ಒಳಗೆ ಎರಡು ತುದಿ ಕೂಡಿಕೊಂಡರೆ ಕರೆಂಟು ಹರಿಯುತ್ತದೆ. ಪುಸ್ತಕದಲ್ಲಿ ಅದಕ್ಕೆ ‘ಕ್ಲೋಸ್’ ಎನ್ನುತ್ತಾರೆ. ತುದಿಗಳು ಬೇರೆಯಾದರೆ ‘ಓಪನ್’, ಕರೆಂಟಿಲ್ಲ. ಕ್ಲೋಸ್ ಎಂಬುದನ್ನು ಹಿಂದಿಗೆ ತಿರುಗಿಸಿದರೆ ಬಂದ್. ದಿನಬಳಕೆಯ ಹಿಂದಿಯಲ್ಲಿ ಬಂದ್ ಎಂದರೆ ಆರಿಸು. ಒಂದೇ ಶಬ್ದ ಒಬ್ಬನಿಗೆ ಕರೆಂಟು ಬಿಡು ಎಂದು ಕೇಳಿಸಿದರೆ ಇನ್ನೊಬ್ಬನಿಗೆ ಕರೆಂಟು ತೆಗೆ ಎಂದು ಕೇಳಿಸುತ್ತದೆ.

“ನಮ್ಮ ಭಾಷಾ ನೋಡು,” ಎನ್ನುತ್ತಿದ್ದರು ಸರ್. “ಬಾಗಲಾ ಹಾಕು, ಲೈಟ್ ಹಾಕು. ಬಾಗಲಾ ತೆಗಿ, ಲೈಟ್ ತೆಗಿ. ಕೂಡಿಸಿದ್ರ ಹತ್ತತದ, ಬಿಡಿಸಿದ್ರ ಆರತದ. ಬ್ರೇಕರ್ ಸುದ್ದಾ ಕನ್ನಡದಾಗ ನಡೀತದಲೇ.”

ದಿವಾ ಎಂಬ ಊರಿನಿಂದ ಬರುತ್ತಿದ್ದ ಮರಾಠಿ ವೈರ್‌ಮನ್‌ಗಳಿಗೂ ಬಿಹಾರದ ಕೇಬಲ್ ಎಳೆಯುವವರಿಗೂ ಸರ್ ಈ ಎರಡು ಶಬ್ದ ಕಲಿಸಿದ್ದರು. ಪ್ರತಿ ಪ್ಯಾನೆಲ್ ಮೇಲೂ ತಾವೇ ಬಣ್ಣ ಹಿಡಿದು ದೇವನಾಗರಿಯಲ್ಲಿ ಅವನ್ನು ಬರೆಯುತ್ತಿದ್ದರು. ಗ್ರಾಹಕರ ಕಾರ್ಖಾನೆಗಳಲ್ಲಿ ಬ್ರೇಕರ್ ನಡೆಸುವ ಆಪರೇಟರುಗಳೂ ಕಲಿಯಬೇಕಿತ್ತು. ನನಗಂತೂ ನಗು ಬರುತ್ತಿತ್ತು.

ಅಂಬರನಾಥದ ಒಂದು ಕಾರ್ಖಾನೆಯ ಮ್ಯಾನೇಜರಿಗೆ ಮಾತ್ರ ನಗು ಬರಲಿಲ್ಲ. ಪ್ಯಾನೆಲ್ ಮೇಲಿನ ಬರಹ ನೋಡಿ, “ಯೇ ಕೌನ್‌ಸೀ ಭಾಷಾ ಹೈ? ಮಿಟಾವೋ” ಎಂದ. ಕೆಲಸ ಮುಗಿಯಲಿ, ಆಮೇಲೆ ಅಳಿಸೋಣ ಎಂದು ಸರ್ ಜಾರಿಕೊಂಡರು. ಕೊನೆಯ ಹಂತದಲ್ಲಿ ಒಂದು ಕೇಬಲ್ ಜೋಡಣೆ ಬಿಚ್ಚಿ ನೋಡಬೇಕಾಯಿತು. ಬ್ರೇಕರ್ ಇದ್ದದ್ದು ಕಾಂಪೌಂಡಿನ ಆ ಕಡೆಯ ಕೋಣೆಯಲ್ಲಿ, ನಾವು ಈ ಕಡೆ. ಮ್ಯಾನೇಜರ್ ಆಪರೇಟರಿಗೆ ಫೋನ್ ಮಾಡಿ, “ಬಂದ್ ಕರೋ” ಎಂದ. ನಮ್ಮ ಕಡೆ ತಿರುಗಿ ಶುರುಮಾಡಿ ಎಂದ. ಅವನಿಗೆ ಸಂಜೆಯೊಳಗೆ ಉತ್ಪಾದನೆ ಆರಂಭವಾಗಬೇಕಿತ್ತು. ಲೈನಿನಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡ್ ಇನ್ನೂ ಸಾಮಾನಿನ ಜೀಪಿನಲ್ಲೇ ಇತ್ತು. ನಾನು ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಕೇಬಲ್ ಪೆಟ್ಟಿಗೆಯ ಮುಚ್ಚಳದ ಹತ್ತಿರ ಹೋದೆ.

ಸರ್ ಬಂದು ಮುಚ್ಚಳಕ್ಕೆ ಬೆನ್ನು ಕೊಟ್ಟು ನಿಂತರು. “ನನಗ ತೆಗಿ ಅನ್ನೋದು ಕೇಳಿಸಿಲ್ಲ.”

ಮ್ಯಾನೇಜರ್ ಸಿಡಿಮಿಡಿಗೊಂಡ. ನಾಟಕ ಸಾಕು, ಇನ್ನು ಮುಂದೆ ನಿಮಗೆ ಇಲ್ಲಿ ಕೆಲಸವಿಲ್ಲ ಎಂದೂ ಹೇಳಿದ. ಸರ್ ತಮ್ಮ ಫೋನಿನಿಂದ ಆಪರೇಟರಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು.

“ಹಾಕು ಹೈ ಕಿ ತೆಗಿ?”

“ಹಾಕು ಹೈ ಸಾಬ್,” ಎಂದ ಅವನು. “ಸಾಬ್ ನೇ ಬಂದ್ ಬೋಲಾ, ತೋ ಬಂದ್ ಕಿಯಾ. ಕ್ಲೋಸ್.”

ಪುಸ್ತಕ ಓದಿ ಹೊಸದಾಗಿ ಕೆಲಸಕ್ಕೆ ಸೇರಿದವನು. ತೆಗೆದೇ ಇದ್ದ ಬ್ರೇಕರನ್ನು ತಾನು ಕಲಿತಂತೆಯೇ ಹಾಕಿದ್ದ. ಸರ್ ಬೆನ್ನಿನ ಹಿಂದಿನ ತಗಡಿನ ಆಚೆ ಇಪ್ಪತ್ತೆರಡು ಸಾವಿರ ವೋಲ್ಟು ಜೀವಂತವಾಗಿತ್ತು. ನಾನು ಪಾನಾ ಕೆಳಗಿಟ್ಟು ಹಿಂದೆ ಸರಿದೆ. ಮ್ಯಾನೇಜರ್ ನಮ್ಮ ಸರ್ ಕೈಯಿಂದ ಫೋನ್ ಕಸಿದುಕೊಂಡು, “ತೆಗಿ, ತೆಗಿ” ಎಂದು ಕೂಗಿದ. ಬರಹ ಅಳಿಸುವ ಮಾತು ಮತ್ತೆ ಅವನು ಎತ್ತಲಿಲ್ಲ.

ವಾಪಸು ಬರುವಾಗ ಲೋಕಲ್‌ನಲ್ಲಿ ಸರ್ ಕಿಟಕಿಯ ಆಚೆ ನೋಡುತ್ತ ಬೇರೆಯೇ ಏನೋ ಹೇಳಿದರು. “ಮನ್ಯಾಗ ಮಗಳಿಗೆ ಕನ್ನಡ ತಿಳೀತದ, ಉತ್ತರ ಮರಾಠ್ಯಾಗ ಬರ್ತದ. ಹಿಂಗ ಸೈಟ್‌ನ್ಯಾಗರ ಎರಡು ಶಬ್ದ ಕಿವೀಗೆ ಬಿದ್ರ... ಹಿತ ಅನಸ್ತದ.” ಅವರ ಹಟದಲ್ಲಿ ಅದೂ ಇತ್ತು ಎಂದು ನನಗೆ ತಿಳಿದದ್ದು ಆಗಲೇ.

ಸರ್ ಹೋಗಿ ವರ್ಷಗಳಾದವು. ಹೃದಯದ ತೊಂದರೆ, ಕಲ್ಯಾಣದ ಆಸ್ಪತ್ರೆ, ಎರಡು ದಿನ... ಅಷ್ಟೇ. ಕಂಪನಿಯೂ ಮುಚ್ಚಿತು. ನಾನು ಬೇರೆ ಕಡೆ ಸೇರಿಕೊಂಡೆ. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ, ಹಾಳೆಯ ಮೇಲೆ ಸಹಿ ಹಾಕಿ ನಡೆಯುತ್ತದೆ. ಆ ಎರಡು ಶಬ್ದಗಳನ್ನು ನಾನೇ ಆಡುವುದು ಬಿಟ್ಟಿದ್ದೆ.

ತುರ್ಭೆಯಲ್ಲಿ ಬಣ್ಣ ಬಳಿದವಳು ಅಲ್ಲಿನ ಆಪರೇಟರ್, ಮರಾಠಿ ಹೆಣ್ಣುಮಗಳು. ಎಲ್ಲಿ ಕಲಿತೆ ಎಂದು ಕೇಳಿದೆ. ಮೊದಲು ಅಂಬರನಾಥದಲ್ಲಿ ಕೆಲಸದಲ್ಲಿದ್ದಳಂತೆ, ಅಲ್ಲಿ ಎಲ್ಲರೂ ಹೀಗೇ ಹೇಳುತ್ತಾರಂತೆ. ಆಮೇಲೆ ಸ್ವಲ್ಪ ಸಂಕೋಚದಿಂದ, “ಸರ್, ಹೇ ಜಪಾನೀ ಆಹೇ ನಾ?” ಎಂದಳು. ಅದು ಜಪಾನಿ ಶಬ್ದವೆಂದೇ ಅವಳು ತಿಳಿದಿದ್ದಳು.

“ನಾಹೀ,” ಎಂದೆ. “ಧಾರವಾಡಚಂ ಆಹೇ.”

ಅವಳು ನಕ್ಕಳು. ನನಗೂ ನಗು ಬಂತು, ಹಿಂದೆಯೇ ಕಣ್ಣು ತುಂಬಿ ಬಂತು. ಸರ್‌ಗೆ ಈಗಲೇ ಹೇಳಬೇಕು, ಹೊಟ್ಟೆ ಹಿಡಿದು ನಗುತ್ತಾರೆ ಅನ್ನಿಸಿತು. ಹೇಳಲು ಅವರಿಲ್ಲ.

ಮೊದಲ ಸಲ ಕರೆಂಟು ಕೊಡುವ ಮುನ್ನ ಉಳಿದವರನ್ನು ಹೊರಗೆ ಕಳಿಸಿ, ಮುಚ್ಚಳಗಳನ್ನೆಲ್ಲ ಮತ್ತೊಮ್ಮೆ ನೋಡಿ ಬಂದೆ. ಅವಳು ಹಿಡಿಕೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು.

“ಹಾಕು?”

“ಹಾಕವ್ವಾ,” ಎಂದೆ. ನಾನು ಉಡುಪಿಯವನು, ನನ್ನ ಬಾಯಲ್ಲಿ ಬರುವ ಮಾತಲ್ಲ ಅದು.