ಹಾಸ್ಟೈಲ್ ಎಂದು ಬರೆಸಿಕೊಂಡ ದಿನ

ಕಡಕೊಳದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ನಾನು ಕೆಲಸಕ್ಕಿದ್ದಾಗ, ಒಂದು ಸಂಜೆ ಪಾಳಿ ಮುಗಿದು ಹೊರಡುವ ಹೊತ್ತಿಗೆ ಗೇಟಿನಲ್ಲಿ ಗಲಾಟೆಯಾಯಿತು. ನನ್ನ ಮುಂದಿದ್ದ ಹೆಂಗಸಿನ ಬ್ಯಾಗನ್ನು ಸೂಪರ್‌ವೈಸರ್ ತಪಾಸಣೆ ಎಂದು ಕಿತ್ತುಕೊಳ್ಳಲು ಹೋದ. ಅವಳು ಬಿಡಲಿಲ್ಲ. ಎಳೆದಾಟದಲ್ಲಿ ಬ್ಯಾಗಿನ ಪಟ್ಟಿ ಹರಿದು ಅವನು ಹಿಂದಕ್ಕೆ ಬಿದ್ದ. ಗೇಟಿನ ಕಬ್ಬಿಣ ತಗುಲಿ ತಲೆಯಿಂದ ರಕ್ತ ಬಂತು. ನಾನು ಕಂಡದ್ದು ಇಷ್ಟು.

ಊಟದ ಡಬ್ಬಿಯಿಂದ ತಲೆಗೆ ಹೊಡೆದಳೆಂದು ಅವಳ ಮೇಲೆ ಕೇಸಾಯಿತು. ಪೊಲೀಸರು ಕೇಳಿದಾಗ ಕಂಡದ್ದನ್ನು ಹೇಳಿದೆ. ಬರೆದುಕೊಂಡರು, ಓದಿ ಹೇಳಲಿಲ್ಲ.

ಸಾಕ್ಷಿಗೆ ನನ್ನ ಹೆಸರನ್ನೇ ಕಾರ್ಖಾನೆಯವರು ಯಾಕೆ ಕೊಟ್ಟರೆಂದು ನನಗೆ ಗೊತ್ತಿತ್ತು. ನಾನು ಅಶೋಕಪುರಂನ ದಲಿತ ಕೇರಿಯವಳು ಎಂದು ತಿಳಿದ ದಿನದಿಂದ ಆ ಹೆಂಗಸು ಕ್ಯಾಂಟೀನಿನಲ್ಲಿ ನಾನು ಕುಡಿದಿಟ್ಟ ಲೋಟವನ್ನು ಮುಟ್ಟುತ್ತಿರಲಿಲ್ಲ. ನಮ್ಮಿಬ್ಬರಿಗೂ ಮಾತಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು.

ಎರಡು ವರ್ಷ ಕಳೆದ ಮೇಲೆ ಸಮನ್ಸ್ ಬಂತು. ಕೋರ್ಟಿನ ಪಡಸಾಲೆಯಲ್ಲಿ ಸರ್ಕಾರಿ ವಕೀಲರು ನನ್ನನ್ನು ಪಕ್ಕಕ್ಕೆ ಕರೆದರು.

“ಹೇಳಿಕೇಲಿ ಇರೋದನ್ನ ಹಾಗೇ ಹೇಳ್ಬಿಡಿಯಮ್ಮ.”

“ಅದ್ರಲ್ಲಿ ಏನೈತೆ ಸಾರ್?”

“ಡಬ್ಬೀಲಿ ಹೊಡೆದಿದ್ದು ನೋಡಿದೆ ಅಂತ ಇದೆ.”

“ನಾನ್ ಅಂಗ್ ಹೇಳ್ನಿಲ್ಲ.”

“ಈಗ ಬೇರೆ ಹೇಳಿದ್ರೆ ನಿಮ್ಮನ್ನ ಹಾಸ್ಟೈಲ್ ಅಂತ ಬರೆಸ್ಬೇಕಾಗುತ್ತೆ, ನೋಡಿ.”

ಆ ಪದ ನನಗೆ ಹೊಸದಲ್ಲ. ದುಡ್ಡು ತಿಂದು ಮಾತು ಬದಲಿಸಿದವರನ್ನು ಟಿವಿಯಲ್ಲಿ ಹಾಗೆನ್ನುತ್ತಿದ್ದರು.

ಕಟಕಟೆಯಲ್ಲಿ ನಿಂತು ಬ್ಯಾಗು, ಪಟ್ಟಿ, ಗೇಟು ಎಲ್ಲವನ್ನೂ ಹೇಳಿದೆ. ವಕೀಲರು ಎದ್ದು ನ್ಯಾಯಾಧೀಶರಿಗೆ ಇಂಗ್ಲಿಷಿನಲ್ಲಿ ಏನೋ ಅಂದರು. ನಡುವೆ ಆ ಪದ ಕೇಳಿಸಿತು.

“ಮೇಡಂ, ಬರೆಯೋಕ್ ಮುಂಚೆ ಅದರರ್ಥ ನಂಗೂ ಹೇಳಿ” ಅಂದೆ. ಟೈಪ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು.

ನ್ಯಾಯಾಧೀಶೆ ಕನ್ನಡಕ ತೆಗೆದು ನನ್ನತ್ತ ನೋಡಿದರು. “ನಿಮ್ಮನ್ನ ಕರೆಸಿದವರ ಪರವಾಗಿ ನೀವು ಹೇಳಲಿಲ್ಲ ಅಂತ, ಅಷ್ಟೆ. ಅವರೇ ಈಗ ನಿಮಗೆ ಪಾಟಿ ಸವಾಲು ಹಾಕಬಹುದು. ನೀವು ಸುಳ್ಳು ಹೇಳಿದ್ರಿ ಅಂತ ಅದರರ್ಥ ಅಲ್ಲ.”

“ಅಂಗಾದ್ರೆ ಬರ್ಕೊಳ್ಳಿ. ನಾನೇನ್ ಅವರ ಪರ ಹೇಳೋಕೆ ಬಂದೋಳಲ್ಲ.”

ವಕೀಲರು ಹೇಳಿಕೆಯ ಒಂದೊಂದೇ ಸಾಲು ಓದಿ ಸರಿಯೇ ಎಂದು ಕೇಳಿದರು. ಸರಿಯಲ್ಲ ಎನ್ನುತ್ತಾ ಹೋದೆ. ಆರೋಪಿಯಿಂದ ಆಮಿಷ ಪಡೆದಿದ್ದೀರಿ ಎಂದಾಗ ಮಾತ್ರ ದನಿ ಏರಿತು. “ಅವ್ಳಿಗೂ ನಂಗೂ ಮಾತೇ ಇಲ್ಲ. ಬೇಕಾದ್ರೆ ಅವ್ಳನ್ನೇ ಕೇಳಿ.” ಆರೋಪಿಯ ಜಾಗದಲ್ಲಿ ನಿಂತಿದ್ದ ಅವಳು ತಲೆ ತಗ್ಗಿಸಿದಳು.

ಹೊರಗೆ ಬಸ್‌ಸ್ಟಾಪಿನವರೆಗೂ ಅವಳು ಹಿಂದೆಯೇ ಬಂದಳು. “ನೀವು ನನ್ ಪರ ಹೇಳ್ತೀರಿ ಅಂತ ಅಂದ್ಕೊಂಡಿರ್ನಿಲ್ಲ ಕಣಕ್ಕ.”

“ನಿನ್ ಪರಾನೂ ಹೇಳ್ನಿಲ್ಲ. ಕಂಡದ್ ಹೇಳ್ದೆ” ಎಂದು ಬಸ್ ಹತ್ತಿದೆ. ಇನ್ನಷ್ಟು ಮೆತ್ತಗೆ ಮಾತಾಡಬಹುದಿತ್ತೇನೋ. ಅಂದು ಮನಸ್ಸು ಬರಲಿಲ್ಲ.

ಸುದ್ದಿ ನನಗಿಂತ ಮೊದಲೇ ನಮ್ಮ ಬೀದಿ ಮುಟ್ಟಿತ್ತು. “ಹಾಸ್ಟೈಲ್ ಆಗ್ಬುಟ್ಯಂತಲ್ಲ, ಏನ್ ಕೊಟ್ರು?” ಎಂದು ಎದುರುಮನೆಯಾಕೆ ನಗುತ್ತಾ ಕೇಳಿದಳು. ಅವಳ ಜಗುಲಿಯ ಮೇಲೇ ಕೂತು ಪದದ ಅರ್ಥವನ್ನು ನ್ಯಾಯಾಧೀಶರು ಹೇಳಿದ ಹಾಗೆಯೇ ಹೇಳಿದೆ. ಅವಳ ಗಂಡನಿಗೂ ಹೇಳಿದೆ. ಆಮೇಲೆ ಯಾರು ಕೇಳಿದರೂ ಅದೇ ಉತ್ತರ. ನಾಚಿಕೆಯಿಂದ ಒಂದು ದಿನವೂ ಮುಖ ಮರೆಸಿಕೊಳ್ಳಲಿಲ್ಲ.

ಕಾರ್ಖಾನೆಯಲ್ಲಿ ನನ್ನನ್ನು ಪೆಟ್ಟಿಗೆ ಹೊರುವ ವಿಭಾಗಕ್ಕೆ ಹಾಕಿದರು. ಬೇಸತ್ತು ನಾನೇ ಬಿಟ್ಟು ಹೋಗಲಿ ಎಂಬುದು ಅವರ ಲೆಕ್ಕ. ತೀರ್ಪು ಬರುವವರೆಗೂ ಹೊತ್ತೆ. ಸಾಕ್ಷಿ ಹಾಸ್ಟೈಲ್ ಆದರೂ ಆಕೆಯ ಮಾತು ನಂಬತಕ್ಕದ್ದು ಎಂದು ತೀರ್ಪಿನಲ್ಲಿ ಬರೆದು ಆ ಹೆಂಗಸನ್ನು ಖುಲಾಸೆ ಮಾಡಿದರು. ಮರುದಿನವೂ ಎಂದಿನಂತೆ ಬಸ್ ಹಿಡಿದು ಪೆಟ್ಟಿಗೆ ಹೊರಲು ಹೋದೆ.