ನೂರರ ಕೆಳಗಿದ್ದ ಮುಳ್ಳು

ಫಹಾಹೀಲ್ ರಸ್ತೆಯಲ್ಲಿ ಪೊಲೀಸರು ನನ್ನನ್ನು ತಡೆದಾಗ ಸ್ಪೀಡೋಮೀಟರಿನ ಮುಳ್ಳು ನೂರನ್ನು ಮುಟ್ಟಿರಲಿಲ್ಲ. ನಾನೊಬ್ಬನೇ ನೋಡಿದ್ದಲ್ಲ, ಪಕ್ಕದಲ್ಲಿದ್ದ ಹೆಂಡತಿಯೂ ನೋಡಿದ್ದಳು. ೧೯೯೦ರ ಜುಲೈ ತಿಂಗಳು. ಏಸಿ ಓಡುತ್ತಿದ್ದರೂ ಸ್ಟೇರಿಂಗ್ ಕೈ ಸುಡುತ್ತಿತ್ತು. ಆ ರಸ್ತೆಯ ಮಿತಿ ನೂರು. ಪೊಲೀಸಿನವನು ತನ್ನ ಗಾಡಿಯಲ್ಲಿದ್ದ ರಾಡಾರಿನತ್ತ ಬೆರಳು ತೋರಿಸಿ, "ಸುರಾ, ಸುರಾ! ನೂರ ಹತ್ತು," ಎಂದ. ಸುರಾ ಎಂದರೆ ವೇಗ ಎಂದು ಅಷ್ಟರಲ್ಲಿ ನನಗೆ ಗೊತ್ತಿತ್ತು.

"ಇಲ್ಲ, ನೂರರ ಒಳಗೇ ಇದ್ದೆ," ಎಂದೆ ನನ್ನ ಹರಕು ಅರಬಿಯಲ್ಲಿ.

ಅವನು ಜಗಳಕ್ಕೆ ಬರಲಿಲ್ಲ. ದಂಡದ ಚೀಟಿ ಹರಿದು ಕೊಟ್ಟ. "ರಾಡಾರ್ ಸುಳ್ಳು ಹೇಳುವುದಿಲ್ಲ. ಯಲ್ಲಾ, ಹೋಗು," ಎಂದು ಮುಂದಿನ ಕಾರಿಗೆ ಕೈ ಅಡ್ಡ ಹಿಡಿದ.

ಚೀಟಿಯನ್ನು ಜೇಬಿಗೆ ತುರುಕಿ ಫರ್ವಾನಿಯಾದ ಮನೆ ಸೇರಿದೆವು. ಪೇಟೆಯ ನಡುವೆ ಮಿರ್ಕಾಬ್ ಬಡಾವಣೆಯ ಆಫೀಸಿಗೆ ಕೆಲಸಕ್ಕೆ ಸೇರಿದಾಗಿನಿಂದ ಒಂದು ಸಲವೂ ನಾನು ದಂಡ ಕಟ್ಟಿದವನಲ್ಲ. ಮರುದಿನದಿಂದ ಹೊಸ ರೋಗ ಹತ್ತಿಕೊಂಡಿತು. ಕಾರು ಓಡಿಸುವಾಗ ರಸ್ತೆಗಿಂತ ಹೆಚ್ಚು ಮುಳ್ಳನ್ನೇ ನೋಡತೊಡಗಿದೆ. ಎಂಬತ್ತರಲ್ಲಿದ್ದರೂ ನಂಬಿಕೆಯಿಲ್ಲ, ಅರವತ್ತಕ್ಕೆ ಇಳಿಸಿದರೂ ನಂಬಿಕೆಯಿಲ್ಲ. ಹಿಂದಿನವರು ಹಾರ್ನ್ ಬಾರಿಸಿ ಬೈಯುತ್ತ ಮುಂದೆ ಹೋಗುತ್ತಿದ್ದರು.

"ಹೀಗೆ ಆದ್ರೆ ನಾವು ಎಲ್ಲಿಗಾದ್ರೂ ಹೋಗಿ ಗುದ್ದುವುದು ಖಂಡಿತ," ಎಂದಳು ಹೆಂಡತಿ. "ನಮ್ಮ ಮುಳ್ಳು ಸರಿಯಾ, ಅವರ ರಾಡಾರ್ ಸರಿಯಾ ಅಂತ ಒಮ್ಮೆ ನೋಡಿಯೇ ಬಿಡಿ ಮಾರಾಯ್ರೆ."

ನೋಡಲು ನೆರವಾದದ್ದು ಕೆಳಗಿನ ಮಹಡಿಯ ಗೆಳೆಯ. ಮಂಗಳೂರಿನ ಕೊಂಕಣಿ ಕ್ರೈಸ್ತ. ಅವನ ಹೆಂಡತಿ ಫಹಾಹೀಲಿನ ಆಸ್ಪತ್ರೆಯಲ್ಲಿ ನರ್ಸ್. ಅವನದು ಹೊಸ ಕಾರು. ಒಂದು ಶುಕ್ರವಾರ ಬೆಳಿಗ್ಗೆ, ರಸ್ತೆ ಖಾಲಿಯಿದ್ದಾಗ, ಅವನು ಮುಂದೆ, ನಾನು ಹಿಂದೆ ಹೊರಟೆವು. ಅವನು ಸರಿಯಾಗಿ ನೂರರಲ್ಲಿ ಹೋಗಬೇಕು, ನಾನು ಅಂತರ ಬದಲಾಗದಂತೆ ಹಿಂಬಾಲಿಸಬೇಕು ಎಂದು ಒಪ್ಪಂದ. ನನ್ನ ಮುಳ್ಳು ತೊಂಬತ್ತರ ಹತ್ತಿರವೇ ನಿಂತಿತ್ತು. ಎರಡನೇ ಸಲವೂ ಅಷ್ಟೇ.

ಇಳಿದು ಬಂದ ಗೆಳೆಯ ನನ್ನ ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಎಂತ ಮಾರಾಯ, ಇದರ ಟಯರ್ ನೋಡಿದ್ದೀಯಾ ನೀನು? ಈ ಕಾರಿಗೆ ಇಷ್ಟು ದೊಡ್ಡದು ಯಾರು ಹಾಕ್ತಾರೆ?"

ಕಾರು ಸೆಕೆಂಡ್ ಹ್ಯಾಂಡ್. ಮೊದಲಿನ ಮಾಲೀಕ ಮರಳಿನಲ್ಲಿ ಓಡಿಸಲೆಂದು ದೊಡ್ಡ ಟಯರ್ ಹಾಕಿಸಿದ್ದಿರಬೇಕು. ಮೀಟರಿಗೆ ಗೊತ್ತಾಗುವುದು ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದಷ್ಟೇ. ದೊಡ್ಡ ಚಕ್ರ ಒಂದೇ ಸುತ್ತಿನಲ್ಲಿ ಹೆಚ್ಚು ದೂರ ಓಡುತ್ತದೆ, ಮುಳ್ಳು ಮಾತ್ರ ಕಡಿಮೆ ತೋರಿಸುತ್ತದೆ. ಪೊಲೀಸಿನವನು ಹೇಳಿದ್ದು ನಿಜ. ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ದಂಡ ಕಟ್ಟಿ, ಟಯರ್ ಬದಲಾಯಿಸುವುದೆಂದು ತೀರ್ಮಾನಿಸಿದೆ.

ಆ ವಾರದಲ್ಲಿ ಇರಾಕಿನ ಸೈನ್ಯ ಗಡಿ ದಾಟಿ ಬಂತು.

ದಂಡ ವಸೂಲು ಮಾಡುವವರೂ ಇಲ್ಲ, ಟಯರ್ ಅಂಗಡಿಯೂ ಇಲ್ಲ. ಕೆಲವರು ಸಿಗ್ನಲ್ಲುಗಳನ್ನು ಲೆಕ್ಕಿಸದೆ ಹುಚ್ಚರಂತೆ ಓಡಿಸುತ್ತಿದ್ದರು, ಇನ್ನು ಕೆಲವರು ತೆವಳುತ್ತಿದ್ದರು. ಗೆಳೆಯನ ಹೊಸ ಕಾರನ್ನು ಮನೆ ಮುಂದಿನಿಂದಲೇ ಸೈನಿಕರು ಒಯ್ದರು. ಅವನ ಹೆಂಡತಿ ಆಸ್ಪತ್ರೆಯಲ್ಲೇ ಉಳಿದಿದ್ದಳು, ಫೋನ್ ಸತ್ತಿತ್ತು. ಅವನು ಮೆಟ್ಟಿಲ ಮೇಲೆ ಕೂತು ಏಳುತ್ತಿದ್ದ, ಎದ್ದು ಮತ್ತೆ ಕೂರುತ್ತಿದ್ದ. ಅದನ್ನು ನೋಡಲಾಗದೆ ನನ್ನ ಹೆಂಡತಿಯೇ ಹೇಳಿದಳು, "ಹೋಗಿ ಕರ್ಕೊಂಡು ಬರುವ. ಹೆಂಗಸರು ಇದ್ರೆ ಸೈನಿಕರು ಹೆಚ್ಚು ಕೇಳಲಿಕ್ಕಿಲ್ಲ. ನಾನೂ ಬರ್ತೇನೆ."

ಬೆಳಿಗ್ಗೆ ಹೊರಟೆವು. ಗೆಳೆಯ ಹಿಂದಿನ ಸೀಟಿನಲ್ಲಿ. ಸೈನಿಕರ ತಪಾಸಣೆಯ ಜಾಗ ಬಂದಾಗಲೆಲ್ಲ ಬಹಳ ನಿಧಾನ ಮಾಡಬೇಕು, ಇಲ್ಲದಿದ್ದರೆ ಗುಂಡು ಹಾರಿಸುತ್ತಾರೆ ಎಂದು ಎಲ್ಲರೂ ಹೇಳಿದ್ದರು. ಮೊದಲ ಎರಡು ಕಡೆ ಏನೂ ಆಗಲಿಲ್ಲ. ಮೂರನೆಯದು ದೂರದಲ್ಲಿ ಕಂಡಾಗ ನನ್ನ ಕಣ್ಣು ತಾನಾಗಿ ಮುಳ್ಳಿಗೆ ಹೋಯಿತು. ನಲವತ್ತು ತೋರಿಸುತ್ತಿದೆ, ಅಂದರೆ ನಲವತ್ತೈದು ಇರಬಹುದು, ಇನ್ನೂ ಇಳಿಸಬೇಕು, ಈಗ ಮೂವತ್ತು, ಅಂದರೆ...

"ನಿಲ್ಲಿಸಿ! ಎದುರು ನೋಡಿ, ನಿಲ್ಲಿಸಿ!" ಹೆಂಡತಿ ಕಿರುಚಿದಳು.

ತಲೆ ಎತ್ತಿದರೆ ಸೈನಿಕನೊಬ್ಬ ರಸ್ತೆಯ ನಡುವೆಯೇ ಇದ್ದಾನೆ, ಬಂದೂಕು ನಮ್ಮ ಗಾಜಿನತ್ತ. ಅವನು ಯಾವಾಗಲೋ ಕೈ ಎತ್ತಿದ್ದನಂತೆ, ನಾನು ನೋಡಿರಲಿಲ್ಲ. ಬ್ರೇಕ್ ಒತ್ತಿದ ರಭಸಕ್ಕೆ ಗೆಳೆಯ ನನ್ನ ಸೀಟಿಗೆ ಬಡಿದ. ಕಾರು ಮರಳಿನ ಮೇಲೆ ಜಾರಿ ಓರೆಯಾಗಿ ನಿಂತಿತು. ಸೈನಿಕ ಕಿಟಕಿಯ ಬಳಿ ಬಂದು ಕೂಗಿದ. ಏನು ಹೇಳಿದನೋ ನನಗೆ ತಿಳಿಯಲಿಲ್ಲ. ಅವನ ತುಟಿ ಒಣಗಿ ಬಿರಿದಿತ್ತು. "ಹಿಂದಿ, ಹಿಂದಿ," ಎಂದು, ಅರಬಿಯಲ್ಲಿ ಭಾರತದವರು ಎಂದು, ಗೆಳೆಯ ಹಿಂದಿನಿಂದ ಹೇಳುತ್ತಲೇ ಇದ್ದ. ಹೆಂಡತಿ ನಮ್ಮ ನೀರಿನ ಬಾಟಲಿ ಚಾಚಿದಳು. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ತೆಗೆದುಕೊಂಡು, ಹೋಗಿ ಎಂದು ಕೈ ಬೀಸಿದ.

ಅಲ್ಲಿಂದ ಸ್ವಲ್ಪ ದೂರ ಹೋಗಿ ಬದಿಗೆ ನಿಲ್ಲಿಸಿದೆ.

"ಇಳೀರಿ," ಎಂದಳು ಹೆಂಡತಿ. "ಕಾರು ನಾನು ಬಿಡ್ತೇನೆ."

ಅವಳಿಗೆ ಆ ವರ್ಷವಷ್ಟೇ ಲೈಸೆನ್ಸ್ ಸಿಕ್ಕಿತ್ತು. ಇಷ್ಟು ದೂರ ಒಮ್ಮೆಯೂ ಓಡಿಸಿರಲಿಲ್ಲ. ನಾನು ಅಭ್ಯಾಸಬಲದಿಂದ ಪಕ್ಕದಿಂದಲೂ ಮೀಟರಿನತ್ತ ಬಗ್ಗಿದೆ. ಅವಳು ತನ್ನ ಕರವಸ್ತ್ರ ತೆಗೆದು ಮೀಟರಿನ ಗಾಜಿನ ಮೇಲೆ ಸಿಕ್ಕಿಸಿಬಿಟ್ಟಳು. "ನಿಮಗೆ ಅದು ಬೇಡ. ನನಗೂ ಬೇಡ," ಎಂದಳು. ಮುಂದಿನ ತಪಾಸಣೆಯ ಜಾಗಗಳಲ್ಲಿ ಅವಳು ಕಾರನ್ನು ನಡೆಯುವವರ ವೇಗಕ್ಕೆ ಇಳಿಸಿ, ಗಾಜು ಇಳಿಸಿ, ಎರಡೂ ಕೈ ಸ್ಟೇರಿಂಗಿನ ಮೇಲೆ ಕಾಣುವಂತೆ ಇಟ್ಟು ಹೋದಳು.

ಆಸ್ಪತ್ರೆಯ ಬಾಗಿಲಲ್ಲಿ ಗಂಡನನ್ನು ಕಂಡು ಆ ನರ್ಸ್ ಅಳಲಿಲ್ಲ. "ಇಷ್ಟು ದಿನ ಎಂತ ಮಾಡ್ತಿದ್ದದ್ದು ನೀವು?" ಎಂದು ಜೋರು ಮಾಡಿದಳು. ಕಾರಿನೊಳಗೆ ಕೂತ ಮೇಲೆ ಅತ್ತಳು. ವಾಪಸು ಬರುವಾಗ ಆ ಸೈನಿಕ ಅಲ್ಲಿರಲಿಲ್ಲ. ಬೇರೆಯವನೊಬ್ಬ ಹೆಣ್ಣು ಕಾರು ಓಡಿಸುವುದನ್ನು ಕಂಡು ಹುಬ್ಬೇರಿಸಿ, ಸುಮ್ಮನೆ ಬಿಟ್ಟ.

ಸೆಪ್ಟೆಂಬರಿನಲ್ಲಿ ನಾವು ನಾಲ್ವರೂ ಬಸ್ಸಿನಲ್ಲಿ ಬಾಗ್ದಾದ್ ದಾಟಿ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಮುಂಬಯಿಗೆ ಬಂದೆವು. ಕಾರು ಫರ್ವಾನಿಯಾದಲ್ಲೇ ಉಳಿಯಿತು, ಮತ್ತೆ ಸಿಗಲಿಲ್ಲ. ಮಂಗಳೂರಿನ ಬಾಡಿಗೆ ಮನೆಯಲ್ಲಿ ನಾನು ದಿನಕ್ಕೆ ಹತ್ತಾರು ಸಲ ಗೇಟಿನವರೆಗೆ ಹೋಗಿ ಬರುತ್ತಿದ್ದೆ. ಏನನ್ನು ಕಾಯುತ್ತಿದ್ದೆನೋ ಗೊತ್ತಿಲ್ಲ.

ಮರುವರ್ಷ ಯುದ್ಧ ಮುಗಿದ ಮೇಲೆ ಹಳೆಯ ಆಫೀಸು ಕರೆಸಿಕೊಂಡಿತು. ಒಬ್ಬನೇ ಹೋದೆ. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು, ಗಾಳಿ ಈ ಕಡೆ ತಿರುಗಿದರೆ ಮಧ್ಯಾಹ್ನವೇ ಕತ್ತಲು. ಆಫೀಸಿನವರು ಕಾರಿನ ಕೀಲಿ ಕೊಡಲು ಬಂದಾಗ ಬೇಡವೆಂದು ಬಸ್ಸು ಹಿಡಿದೆ. ಹೆಂಡತಿಗೆ ಫೋನ್ ಮಾಡಿ ಅದನ್ನು ಹೇಳಿದಾಗ ಅವಳು, "ನನ್ನ ವೀಸಾಕ್ಕೆ ಅರ್ಜಿ ಕೊಡಿ, ನಾನು ಬರ್ತೇನೆ. ಕಾರು ನಾನು ಬಿಡ್ತೇನೆ," ಎಂದಳು.