ಕೂಸಿನ ಪಾಲಿನ ಹಾಲು

ನಾನು ಜೋಳ ಹಸನು ಮಾಡುತ್ತ ಕೂತಿದ್ದೆ. ಪಡಸಾಲೆಯಲ್ಲಿ ತಾಂಡೂರಿನ ಪರಸಿಕಲ್ಲು ಹಾಸಿದ ನೆಲದ ಮೇಲೆ ಕಾಲು ಚಾಚಿ, ಮೊರದೊಳಗಿನ ಹರಳು ಆರಿಸುತ್ತಿದ್ದಾಗ ಕೊಟ್ಟಿಗೆಯಿಂದ ಅತ್ತೆ ಕೂಗಿದರು.

"ಎಮ್ಮಿ ಈದದ! ಹೆಣ್ಣು ಕರಾ! ಏ ಸೊಸಿ, ಬೆಲ್ಲ ತೆಗಿ, ಗಿಣ್ಣ ಕಾಸೂಣು!"

ಹಗ್ಗ ಹೊಸೆಯುತ್ತಿದ್ದ ನನ್ನ ಯಜಮಾನರು ಎದ್ದು ಓಡಿದರು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಮುಖ ತೋರಿಸಿ, "ನನ್ನ ಬಟ್ಟಲ ಮರೀಬ್ಯಾಡ್ರಿ ಅತ್ತಿ" ಎಂದಳು. ನಾನು ಮಾತ್ರ ಮೊರ ಹಿಡಿದು ಕೂತೇ ಇದ್ದೆ. ಎರಡೂವರೆ ವರ್ಷದ ಮಗಳು ನನ್ನ ಹೆಗಲು ಹಿಡಿದು ನಿಂತಿದ್ದಳು. ಅವಳು ತಾನಾಗಿ ಎದ್ದು ನಿಲ್ಲಲು ಕಲಿತು ಹದಿನೈದು ದಿನವಾಗಿತ್ತು. ಎಮ್ಮೆ ಬತ್ತಿದ್ದ ನಾಲ್ಕು ತಿಂಗಳಲ್ಲಿ ಶಿವ ನನಗೆ ಕೊಟ್ಟದ್ದು ಅದೊಂದು.

ಮೊಲೆ ಬಿಡಿಸಿದಂದಿನಿಂದ ಅವಳಿಗೆ ಹಾಲೇ ಊಟವಾಗಿತ್ತು. ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ತಮಟೆಯಂತೆ ಬಿಗಿಯುತ್ತಿತ್ತು, ಆಮೇಲೆ ನೀರಿನಂತೆ ಭೇದಿ. ಕೈಕಾಲು ಕಡ್ಡಿ, ತಲೆಯೊಂದೇ ದೊಡ್ಡದು. ಒಂದು ಉಗಾದಿಗೆ ಸೊಂಟಕ್ಕೆ ಕಟ್ಟಿದ ಉಡದಾರ ಮರು ಉಗಾದಿಗೂ ಸಡಿಲವೇ ಇತ್ತು. ನಾರಾಯಣಖೇಡದ ಕಡೆಯ ನಮ್ಮೂರಿಂದ ಒಂದೂವರೆ ದಿನ ಬಂಡಿಯಲ್ಲಿ ಕೂತು ಜಹೀರಾಬಾದಿನ ಹಕೀಮರಿಗೆ ತೋರಿಸಿಕೊಂಡು ಬಂದೆವು. ಅವರು ನಾಡಿ ಹಿಡಿದು, "ಕಮಜೋರಿ ಅದವ್ವಾ, ಶಕ್ತಿ ಇಲ್ಲ. ಹಾಲು ಕುಡಸ್ರಿ, ಖೂಬ್ ಕುಡಸ್ರಿ" ಅಂದರು. ಅತ್ತೆ ಒಂದು ಬಟ್ಟಲನ್ನು ಎರಡು ಮಾಡಿದರು. ಭೇದಿಯೂ ಎರಡರಷ್ಟಾಯಿತು.

ಎಮ್ಮೆ ಬತ್ತಿದಾಗ ಬೇರೆ ದಾರಿಯಿಲ್ಲದೆ ಜೋಳದ ನುಚ್ಚಿನ ಗಂಜಿ, ಹೆಸರುಕಾಳಿನ ಕಟ್ಟು, ಹುರಿದೆಳ್ಳಿನ ಪುಡಿ ತಿನ್ನಿಸಿದೆ. ಎಂಟು ದಿನದಲ್ಲಿ ಭೇದಿ ನಿಂತಿತು. ಮೂರನೆಯ ತಿಂಗಳಿಗೆ ಉಡದಾರದ ಗಂಟು ಬಿಚ್ಚಿ ಒಂದು ಬೆರಳು ಸಡಿಲಿಸಬೇಕಾಯಿತು. ಆ ದಿನ ನಾನು ದೇವರ ಮುಂದೆ ಎರಡು ದೀಪ ಹಚ್ಚಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ.

ಈಗ ಗಿಣ್ಣಕ್ಕೆ ಬೆಲ್ಲ ಕುಟ್ಟುತ್ತ ಧೈರ್ಯ ಮಾಡಿ ಬಾಯಿಬಿಟ್ಟೆ. "ಅತ್ತೀ, ಕೂಸಿಗಿ ಹಾಲು ಆಗಿಬರಲ್ಲ ಅನಸ್ತದ್ರಿ."

ಅತ್ತೆ ನಕ್ಕೇಬಿಟ್ಟರು. "ಹಾಲು ಆಗಿಬರಲ್ಲಂತ! ನಾಳಿಗಿ ನೀರೂ ಆಗಿಬರಲ್ಲ ಅಂತಿ. ನನ್ನ ಎರಡು ಹೆಣ್ಣು ಹಾಲು ಸಾಲ್ದೇ ಹೋದವು, ತಿಳೀತಾ? ಮನಿ ಮನಿ ಸುತ್ತಿ, ಸೆರಗೊಡ್ಡಿ ಹಾಲು ತರ್ತಿದ್ದೆ. ಅವತ್ತೇ ಎಮ್ಮಿ ಕಟ್ತೀನಂತ ಪಣ ತೊಟ್ಟಾಕಿ ನಾನು."

ಯಜಮಾನರಿಗೆ ಹೇಳಿದರೆ, "ಅವ್ವಗ ನೋಯಿಸಬ್ಯಾಡ" ಎಂದು ಹೊರಗೆ ಹೋದರು.

ಮೊದಲ ಗಿಣ್ಣ ದೇವರಿಗೆ, ಆಮೇಲೆ ಮನೆಯ ಸಣ್ಣ ಕೂಸಿಗೆ. ನೈವೇದ್ಯವನ್ನು ಬೇಡವೆನ್ನುವ ಬಾಯಿ ನನಗಿರಲಿಲ್ಲ. ಮಗಳು ಚಪ್ಪರಿಸಿ ತಿಂದಳು. ಭೇದಿಯಾಗಿ ಮೂರು ದಿನ ಮೇಲೇಳಲಿಲ್ಲ. ಅತ್ತೆ ದೃಷ್ಟಿ ತೆಗೆದರು, ಪಕ್ಕದ ಮನೆಯಾಕೆಯ ಕಣ್ಣನ್ನು ಬೈದರು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ಹಿತ್ತಾಳೆ ಬಟ್ಟಲಿನಲ್ಲಿ ನೊರೆಹಾಲು ಅಳೆದು ಕೈಗಿತ್ತರು. ಮಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಚೆಲ್ಲಬಹುದಿತ್ತು. ಆದರೆ ಹಾಲನ್ನು ನೆಲಕ್ಕೆ ಚೆಲ್ಲಿದರೆ ಎಮ್ಮೆಯ ಕೆಚ್ಚಲಿಗೆ ಕೇಡು ಎಂದು ನಂಬಿ ಬೆಳೆದವಳು ನಾನು. ಕರುವಿನ ಬಾಯಿಂದ ಬಿಡಿಸಿ ತಂದದ್ದನ್ನು ಬಚ್ಚಲಿಗೆ ಸುರಿಯಲು ಕೈ ಬರಲಿಲ್ಲ. ತಪ್ಪಾತು ಶಿವನೇ ಎಂದು ಕಣ್ಣು ಮುಚ್ಚಿ ನಾನೇ ಕುಡಿದೆ. ಮಗಳಿಗೆ ಹೆಸರುಕಟ್ಟು ಕುಡಿಸಿ, ಬಟ್ಟಲು ತೊಳೆದಿಟ್ಟೆ.

ಹಾಗೇ ದಿನವೂ, ಎರಡು ಹೊತ್ತು. ಮಗಳು ಮತ್ತೆ ಎದ್ದು ನಿಂತಳು. ತಿಂಗಳು ತುಂಬುವುದರೊಳಗೆ ಗೋಡೆ ಹಿಡಿದು ನಡೆದಳು. ಅತ್ತೆಯ ಹಿಗ್ಗು ಹೇಳತೀರದು. ಬಂದಬಂದವರನ್ನು ಕರೆದು, "ನೋಡ್ರಿ, ನೋಡ್ರಿ! ಹಾಲಿನ ಗುಣ ಹೆಂಗದ ನೋಡ್ರಿ!" ಎಂದು ಮೊಮ್ಮಗಳನ್ನು ನಡೆಸಿ ತೋರಿಸುತ್ತಿದ್ದರು. ಆ ಖುಷಿಯಲ್ಲಿ ಮಧ್ಯಾಹ್ನಕ್ಕೂ ಒಂದು ಬಟ್ಟಲು ಸೇರಿತು. ಕೂಸು ಸುಧಾರಿಸಿದಷ್ಟೂ ಹಾಲು ಹೆಚ್ಚು, ಹಾಲು ಹೆಚ್ಚಿದಷ್ಟೂ ನಾನು ಕುಡಿಯಬೇಕು. ಅಲ್ಲಿವರೆಗೆ ಆ ಮನೆಯಲ್ಲಿ ನನಗೆ ಹಾಲೆಂದರೆ ಹಬ್ಬದ ದಿನದ ಹುಗ್ಗಿಯ ಮೇಲಿನ ಎರಡು ಚಮಚೆ. ಈಗ ದಿನಕ್ಕೆ ಮೂರು ಬಟ್ಟಲು. ಬಳೆಗಾರ ಬಂದವನು ನನ್ನ ಕೈ ಒತ್ತಿ, "ತಂಗೀ, ಹ್ವಾದ ಸಲದ ಅಳತಿ ಕೂಡವಲ್ಲದು" ಅಂದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಒಂದು ಬೆಳಿಗ್ಗೆ ಕಡಗೋಲು ಹುಡುಕುತ್ತ ಅತ್ತೆ ಒಳಗೆ ಬಂದರು. ಬಟ್ಟಲು ನನ್ನ ಬಾಯಲ್ಲಿತ್ತು. ಮಗಳು ನೆಲದ ಮೇಲೆ ಕೂತು ಹೆಸರುಕಟ್ಟು ನೆಕ್ಕುತ್ತಿದ್ದಳು.

"ಅಯ್ಯ ನನ್ನ ಶಿವನೇ! ಕೂಸಿನ ಹಾಲು ಕುಡ್ಯಾಕತ್ತೀಯೇನ? ನಿಮ್ಮವ್ವನ ಮನ್ಯಾಗ ಹಾಲೇ ಕಂಡಿದ್ದಿಲ್ಲೇನ?"

ಕೂಗು ಕೇಳಿ ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯಾಕೆಯ ಮುಖ ಮೂಡಿತು. "ಅದಕ್ಕೇ ನೋಡ್ರಿ ಅತ್ತಿ, ಈಕಿಗಿ ಬಳಿ ಬಿಗಿ ಆಗ್ಯಾವ."

"ಹೌದ್ರಿ ಅತ್ತಿ, ಕುಡದೀನಿ" ಅಂದೆ. "ಕೂಸಿಗಿ ಒಂದು ಹನಿನೂ ಕೊಟ್ಟಿಲ್ಲ. ಅದಕ್ಕೇ ನಡ್ಯಾಕತ್ತದ."

"ಕಳ್ಳತನದ ಮ್ಯಾಲ ಸುಳ್ಳು ಬ್ಯಾರೆ!"

ಅವರು ಮಗಳನ್ನು ಕಿತ್ತುಕೊಂಡು ಪಡಸಾಲೆಗೆ ಹೋದರು. ತೊಡೆಯ ಮೇಲೆ ಮಲಗಿಸಿಕೊಂಡು, ಹಾಡುತ್ತ, ಒಂದು ಬಟ್ಟಲು ತುಂಬ ಕುಡಿಸಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕಸಿದುಕೊಳ್ಳಬೇಕಿತ್ತು. ಕಸಿದುಕೊಳ್ಳಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಬಿಸಿಲು ಅಂಗಳದ ನಡುವಿಗೆ ಬರುವಷ್ಟರಲ್ಲಿ ಹೊಟ್ಟೆ ಉಬ್ಬಿತು. ಮಗಳು ಮೊಣಕಾಲು ಎದೆಗೆಳೆದುಕೊಂಡು ಚೀರಿದಳು. ಅತ್ತೆಯ ಸೀರೆಯೆಲ್ಲ ಹೊಲಸಾಯಿತು. ಎತ್ತಿಕೊಳ್ಳಲು ಹೋದೆ, ಬಿಡಲಿಲ್ಲ. ಅವರ ಕಣ್ಣು ಕೂಸಿನ ಹೊಟ್ಟೆಯ ಮೇಲೇ ಇತ್ತು, ಬೆರಳಿಂದ ಮೆಲ್ಲಗೆ ತಟ್ಟಿ ನೋಡಿದರು. ಬಿಗಿದ ತಮಟೆಯಂಥದೇ ಸದ್ದು.

"ಸಣ್ಣಾಕಿಗೂ ಹಿಂಗೇ ಆಗ್ತಿತ್ತು" ಅಂದರು.

ತೀರಿಹೋದ ಕಿರಿಮಗಳ ಮಾತು ಅದು. ಸೆರಗೊಡ್ಡಿ ತಂದ ಹಾಲನ್ನು ಕುಡಿಸಿದ ಮಗಳು. ನನಗೆ ಅದು ಹೊಳೆಯುವ ಮೊದಲೇ ಅವರು ಕೂಸನ್ನು ನನ್ನ ಕೈಗಿತ್ತು ಎದ್ದು ಬಾವಿಕಟ್ಟೆಗೆ ನಡೆದರು. ಸೀರೆಯನ್ನು ನನ್ನ ಕೈಗೆ ಕೊಡದೆ ತಾವೇ ಒಗೆದರು. ಬಹಳ ಹೊತ್ತು ಒಗೆದರು.

ನನ್ನ ಮೇಲಿನ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೂಸಿನ ಹಾಲು ಕುಡಿದಾಕಿ ಎಂಬ ಹೆಸರು ಗೋಡೆ ದಾಟಿ ಓಣಿಗೆ, ಓಣಿಯಿಂದ ಬೀಗರ ಮನೆಗಳಿಗೆ ಹೋಯಿತು. ಮಗಳ ಮದುವೆಯಲ್ಲೂ ಯಾರೋ ನಗುತ್ತ ಅಂದರು. ನಿಜ ಹೇಳಿದರೆ ಅತ್ತೆಯ ಸಣ್ಣ ಮಗಳು ಹೇಗೆ ತೀರಿಕೊಂಡಳೆಂಬ ಮಾತು ಬರುತ್ತಿತ್ತು. ನಾನು ಹೇಳಲಿಲ್ಲ, ಅವರೂ ಹೇಳಲಿಲ್ಲ. ಒಂದೇ ಅಡುಗೆಮನೆಯಲ್ಲಿ ಅದರ ಸುತ್ತ ಅಡ್ಡಾಡಿಕೊಂಡು ಇಬ್ಬರೂ ವರ್ಷಗಳನ್ನು ಕಳೆದೆವು. ಶಿವ ನನಗೆ ಕೊಟ್ಟ ನಡೆಯುವ ಮಗಳ ಮುಂದೆ ಹೆಸರಿಗೆ ಅಂಟಿದ ಕಲೆ ದೊಡ್ಡದಲ್ಲ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಲವು ದಿನ ನಂಬಿಕೆ ಬರುತ್ತಿತ್ತು.

ಆ ಸೀರೆ ಒಗೆದ ದಿನ ಸಂಜೆ ಮಗಳ ಹೊಟ್ಟೆ ಇಳಿದು ನಿದ್ದೆ ಹತ್ತಿತು. ಅತ್ತೆ ಒಣಗಿದ ಸೀರೆ ಮಡಚಿಟ್ಟು, ಹಿತ್ತಾಳೆ ಬಟ್ಟಲನ್ನು ಮೇಲಿನ ಗೂಡಿನಲ್ಲಿ ಕವುಚಿಟ್ಟರು. ನನ್ನ ಮುಖ ನೋಡದೆ ಕೇಳಿದರು:

"ಜ್ವಾಳ ಹಸನ ಆಗ್ಯದೇನ?"

"ಆಗ್ಯದ್ರಿ ಅತ್ತಿ."

"ನುಚ್ಚು ಒಡಿ. ಸಣ್ಣಗ ಒಡಿ, ಕೂಸಿಗಿ."

ನಾನು ಬೀಸುವ ಕಲ್ಲಿನ ಮುಂದೆ ಕೂತು, ಹಿಡಿ ಜೋಳ ಹಾಕಿ, ಗೂಟ ಹಿಡಿದೆ.